ನೆಲ ಬಿಡುವ ಮುಂಚಿನ ಹತ್ತು ಸೆಕೆಂಡು

ಸಣ್ಣ ವಿಮಾನಗಳ ಅಪಘಾತ ವರದಿ ಓದುವ ಚಟ ಹತ್ತಿದವರಿಗೆ ಒಂದು ವಾಕ್ಯ ಬೇಗ ಬಾಯಿಪಾಠವಾಗಿಬಿಡುತ್ತದೆ. ಟೇಕಾಫ್ ಓಟದಲ್ಲಿ ವಿದ್ಯಾರ್ಥಿ ಪೈಲಟ್ ವಿಮಾನದ ದಿಕ್ಕನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲಿಲ್ಲ ಎಂಬ ಅರ್ಥದ ವಾಕ್ಯ ಅದು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಕಡತಗಳಲ್ಲಿ, ಅದರಲ್ಲೂ ವಿಮಾನ ಬಾಲದಲ್ಲಿ ಪುಟ್ಟ ಚಕ್ರವಿರುವ ಹಳೆಯ ಮಾದರಿಯದಾಗಿದ್ದರೆ, ಇದು ಮತ್ತೆ ಮತ್ತೆ ಸಿಗುತ್ತದೆ. ರೆಕ್ಕೆಯ ತುದಿ ನೆಲ ಉಜ್ಜಿದೆ, ಚಕ್ರದ ಕಾಲು ಮುರಿದಿದೆ, ಪ್ರೊಪೆಲರ್ ಬಾಗಿದೆ, ಒಳಗಿದ್ದವರು ತಾವೇ ಬಾಗಿಲು ತೆಗೆದುಕೊಂಡು ಇಳಿದು ಬಂದಿದ್ದಾರೆ. ವರದಿ ಅಲ್ಲಿಗೆ ಮುಗಿಯುತ್ತದೆ.

ವಾಕ್ಯ ಸುಳ್ಳಲ್ಲ. ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹತೋಟಿ ಯಾಕೆ ತಪ್ಪಿತು? ತಪ್ಪುತ್ತಿದ್ದಾಗ ಆ ಹುಡುಗನೋ ಹುಡುಗಿಯೋ ಕೈಕಾಲಲ್ಲಿ ಏನು ಮಾಡುತ್ತಿದ್ದರು? ನಿಲ್ಲಿಸಿಬಿಡಲು ಅವಕಾಶವಿತ್ತಲ್ಲ, ಯಾಕೆ ನಿಲ್ಲಿಸಲಿಲ್ಲ? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ ಎಂದು ನನ್ನ ಎಣಿಕೆ. ಅದಕ್ಕೆ ಬರುವ ಮೊದಲು ವಿಮಾನದ ಕಾಲು ನೋಡಬೇಕು.

ಈಗ ನಾವು ಟಿಕೆಟ್ ಕೊಂಡು ಹತ್ತುವ ವಿಮಾನಗಳಿಗೆ ಮೂಗಿನ ಕೆಳಗೆ ಒಂದು ಚಕ್ರವಿರುತ್ತದೆ, ಭಾರ ಹೊರುವ ದೊಡ್ಡ ಚಕ್ರಗಳು ರೆಕ್ಕೆಯ ಬುಡದ ಹತ್ತಿರ ಇರುತ್ತವೆ. ವಿಮಾನದ ಗುರುತ್ವ ಕೇಂದ್ರ ಈ ದೊಡ್ಡ ಚಕ್ರಗಳಿಗಿಂತ ತುಸು ಮುಂದೆ. ಹಾಗಾಗಿ ಓಡುವಾಗ ವಿಮಾನ ಕೊಂಚ ಓರೆಯಾದರೂ ಮುಂದಿರುವ ಭಾರ ಅದನ್ನು ಮತ್ತೆ ನೆಟ್ಟಗೆ ಎಳೆದುಕೊಳ್ಳುತ್ತದೆ. ಬಾಲಚಕ್ರದ ವಿಮಾನದಲ್ಲಿ ಇದೆಲ್ಲ ತಿರುಗುಮುರುಗು. ದೊಡ್ಡ ಚಕ್ರಗಳು ಮುಂದೆ, ಭಾರದ ಕೇಂದ್ರ ಅವುಗಳ ಹಿಂದೆ, ಪುಟ್ಟ ಚಕ್ರ ಕಟ್ಟಕಡೆಗೆ. ಓರೆಯಾದ ಕೂಡಲೇ ಹಿಂದಿನ ಭಾರ ಮುಂದಕ್ಕೆ ನುಗ್ಗಲು ನೋಡುತ್ತದೆ, ಓರೆ ಇನ್ನಷ್ಟು ಹೆಚ್ಚುತ್ತದೆ. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ರಿವರ್ಸ್ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇಣುದ್ದ ಅಡ್ಡ ಹೋದಾಗಲೇ ತಿದ್ದಿಕೊಂಡರೆ ಸರಿ. ಮಾರುದ್ದ ಹೋಗುವ ತನಕ ನೋಡುತ್ತ ಕೂತರೆ ಆಮೇಲೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮಡಚಿಕೊಳ್ಳುವುದು ತಪ್ಪುವುದಿಲ್ಲ. ವಿಮಾನ ಹೀಗೆ ನೆಲದ ಮೇಲೆಯೇ ಗಿರಕಿ ಹೊಡೆಯುವುದನ್ನು ಪೈಲಟ್‌ಗಳು ಗ್ರೌಂಡ್ ಲೂಪ್ ಅನ್ನುತ್ತಾರೆ. ಗಿರಕಿಯ ಹೊರಬದಿಯ ಚಕ್ರದ ಮೇಲೆ ಬೀಳುವ ಒತ್ತಡಕ್ಕೆ ಅದರ ಕಾಲು ಮುರಿಯುತ್ತದೆ, ಆ ಕಡೆಯ ರೆಕ್ಕೆ ನೆಲಕ್ಕೆ ಬರುತ್ತದೆ.

ಇಂಥ ತಂಟೆಕೋರ ವಿಮಾನವನ್ನು ಕಟ್ಟಿದ್ದಾದರೂ ಯಾಕೆ ಎಂದರೆ, ಕಟ್ಟಿದ ಕಾಲದಲ್ಲಿ ರನ್‌ವೇ ಎಂಬುದೇ ಅಪರೂಪ. ವಿಮಾನ ನಿಲ್ದಾಣವೆಂದರೆ ಹುಲ್ಲಿನ ಬಯಲು. ಹಳ್ಳದಿಣ್ಣೆಯ ನೆಲದಲ್ಲಿ ಮೂಗಿನ ಕೆಳಗಿನ ಚಕ್ರ ಮುರಿಯುವ ಭಯ, ಮೂಗು ಮೇಲೆತ್ತಿ ನಿಂತರೆ ಪ್ರೊಪೆಲರ್ ಕಲ್ಲುಮಣ್ಣಿಗೆ ತಾಗದು, ತೂಕವೂ ಕಡಿಮೆ. 1931ರಲ್ಲಿ ಮೊದಲು ಹಾರಿದ, ಭಾರತದ ಫ್ಲೈಯಿಂಗ್ ಕ್ಲಬ್ಬುಗಳಲ್ಲೂ ವಾಯುಪಡೆಯಲ್ಲೂ ಎಷ್ಟೋ ಜನರಿಗೆ ಹಾರಲು ಕಲಿಸಿದ ಟೈಗರ್ ಮಾತ್‌ಗೆ ಬ್ರೇಕೇ ಇರಲಿಲ್ಲ. ಬಾಲದಲ್ಲಿ ಚಕ್ರದ ಬದಲು ಲೋಹದ ಒಂದು ಊರುಗೋಲು, ಅದು ಹುಲ್ಲನ್ನು ಗೀರಿಕೊಂಡು ಹೋಗುವುದೇ ಬ್ರೇಕು. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಗೆ ಮೂಗು ತಿರುಗಿಸಿ ಓಡಿದರಾಯಿತು. ಬಯಲು ಎಲ್ಲ ದಿಕ್ಕಿಗೂ ತೆರೆದಿದೆ.

ಆಮೇಲೆ ಡಾಂಬರಿನ ರನ್‌ವೇ ಬಂತು. ಅದಕ್ಕೆ ಇರುವುದು ಎರಡೇ ದಿಕ್ಕು, ಗಾಳಿ ಆ ಲೆಕ್ಕ ಕೇಳುವುದಿಲ್ಲ. ಪಕ್ಕದ ಗಾಳಿ ಎತ್ತರದ ಬಾಲವನ್ನು ತಳ್ಳಿ ಮೂಗನ್ನು ತನ್ನ ಕಡೆಗೆ ತಿರುಗಿಸುತ್ತದೆ. ಹುಲ್ಲಿನ ಮೇಲಾದರೆ ಚಕ್ರ ಜಾರಿ ಸ್ವಲ್ಪ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಡಾಂಬರಿನ ಮೇಲೆ ಕಚ್ಚಿ ಹಿಡಿಯುತ್ತದೆ. ಬಯಲಿನ ಕಾಲದ ಯಂತ್ರವನ್ನು ರಸ್ತೆಯ ಕಾಲದಲ್ಲಿ ಓಡಿಸುವುದೇ ಈ ತೊಂದರೆಯ ಒಂದು ಪಾಲು.

ಇನ್ನೊಂದು ಪಾಲು ಎಂಜಿನ್ನಿನದು. ಪೈಪರ್ ಕಬ್ ಎಂಬ ಹಳದಿ ಬಣ್ಣದ ಪುಟ್ಟ ವಿಮಾನವನ್ನೇ ತೆಗೆದುಕೊಳ್ಳಿ. 65 ಅಶ್ವಶಕ್ತಿಯ ಎಂಜಿನ್, ಇಬ್ಬರನ್ನೂ ಪೆಟ್ರೋಲನ್ನೂ ಸೇರಿಸಿ ಹೆಚ್ಚೆಂದರೆ 550 ಕೆ.ಜಿ. ತೂಕ. ಗಂಟೆಗೆ ಸುಮಾರು 60 ಕಿ.ಮೀ. ವೇಗ ಬಂದರೆ ನೆಲ ಬಿಡುತ್ತದೆ, ಅಂದರೆ ನಮ್ಮ ಸಿಟಿ ಬಸ್ಸು ಖಾಲಿ ರಸ್ತೆಯಲ್ಲಿ ಓಡುವ ವೇಗ. ಇಷ್ಟು ಮೆತ್ತಗಿನ ವಿಮಾನವೂ ಥ್ರಾಟಲ್ ಪೂರ್ತಿ ಮುಂದೂಡಿದ ಕ್ಷಣದಿಂದ ಎಡಕ್ಕೆ ಹೋಗಲು ಹಟ ಹಿಡಿಯುತ್ತದೆ.

ಕಾರಣ ಒಂದಲ್ಲ. ಪ್ರೊಪೆಲರ್ ಪೈಲಟ್ಟಿನ ಕಣ್ಣಿಗೆ ಬಲಕ್ಕೆ ತಿರುಗುತ್ತದೆ, ಅದರ ಪ್ರತಿಕ್ರಿಯೆಯಾಗಿ ವಿಮಾನದ ಮೈ ಎಡಕ್ಕೆ ವಾಲಿ ಎಡಗಡೆಯ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಪ್ರೊಪೆಲರ್ ಹಿಂದಕ್ಕೆ ಎಸೆಯುವ ಗಾಳಿ ಸುರುಳಿ ಸುತ್ತುತ್ತ ಹೋಗಿ ಬಾಲದ ನಿಂತ ರೆಕ್ಕೆಯ ಎಡಮಗ್ಗುಲಿಗೆ ಬಡಿಯುತ್ತದೆ. ಬಾಲ ಬಲಕ್ಕೆ, ಮೂಗು ಎಡಕ್ಕೆ. ಬಾಲ ನೆಲದಲ್ಲಿದ್ದು ಮೂಗು ಮೇಲಿರುವಾಗ ಬಲಗಡೆ ಕೆಳಗಿಳಿಯುವ ಅಲಗು ಎಡಗಡೆ ಮೇಲೇರುವ ಅಲಗಿಗಿಂತ ಹೆಚ್ಚು ಗಾಳಿ ಕಚ್ಚುತ್ತದೆ, ಮತ್ತೆ ಎಡಕ್ಕೆ. ವೇಗ ಬಂದ ಮೇಲೆ ವಿದ್ಯಾರ್ಥಿ ಸ್ಟಿಕ್ ಮುಂದೊತ್ತಿ ಬಾಲ ಎತ್ತುತ್ತಾನಲ್ಲ, ಆಗ ತಿರುಗುವ ಪ್ರೊಪೆಲರ್ ಒಂದು ಜೈರೊಸ್ಕೋಪ್‌ನಂತೆ ವರ್ತಿಸಿ ಮೂಗನ್ನು ಇನ್ನೊಮ್ಮೆ ಎಡಕ್ಕೆ ಜಗ್ಗುತ್ತದೆ.

ಎಲ್ಲವೂ ಎಡಕ್ಕೇ ಆದರೆ ಬಲಗಾಲಿನ ಪೆಡಲ್ ಒತ್ತಿ ಹಿಡಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಒತ್ತಬೇಕಾದ ಪ್ರಮಾಣ ಒಂದೊಂದು ಸೆಕೆಂಡಿಗೂ ಬೇರೆ. ಆರಂಭದಲ್ಲಿ, ಪೆಡಲ್ ಒತ್ತಿದಾಗ ತಿರುಗುವ ಬಾಲದ ಪಟ್ಟಿಯಾದ ರಡರ್‌ಗೆ ಗಾಳಿಯ ಬಲವೇ ಇಲ್ಲ, ಹೆಚ್ಚು ಒತ್ತಬೇಕು. ವೇಗ ಬಂದಂತೆ ಅದೇ ಒತ್ತು ಅತಿಯಾಗುತ್ತದೆ, ಬಿಡಬೇಕು. ಬಾಲ ಎತ್ತುವಾಗ ತಟಕ್ಕನೆ ಇನ್ನೊಂದು ಒತ್ತು. ಅದರ ಜೊತೆಗೆ ಪಕ್ಕದ ಗಾಳಿಯ ಲೆಕ್ಕ. ಸಾಲದ್ದಕ್ಕೆ ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್ ಉಲ್ಟಾ ತಿರುಗುತ್ತದೆ. ಅದರಲ್ಲಿ ಕಲಿತವರ ಎಡಗಾಲು ಪಳಗಿರುತ್ತದೆ, ಅಮೆರಿಕನ್ ಎಂಜಿನ್ನಿನ ವಿಮಾನ ಹತ್ತಿದ ದಿನ ಕಾಲು ಬದಲಿಸಿಕೊಳ್ಳಬೇಕು.

ಇಷ್ಟನ್ನೂ ಮುಂದೆ ಕಾಣದೆ ಮಾಡಬೇಕು ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಬಾಲ ನೆಲದಲ್ಲಿರುವಷ್ಟು ಹೊತ್ತು ಮೂಗು ಆಕಾಶ ನೋಡುತ್ತಿರುತ್ತದೆ, ರನ್‌ವೇ ಅದರ ಹಿಂದೆ ಮರೆಯಾಗಿರುತ್ತದೆ. ಕಬ್‌ನಲ್ಲಂತೂ ಒಬ್ಬರೇ ಹಾರುವಾಗ ಹಿಂದಿನ ಸೀಟಿನಲ್ಲೇ ಕೂರಬೇಕು. ವಿದ್ಯಾರ್ಥಿ ರನ್‌ವೇಯ ಎರಡೂ ಅಂಚನ್ನು ಕಣ್ಣಂಚಿನಲ್ಲಿ ಹಿಡಿದುಕೊಂಡು, ಎರಡರ ನಡುವಿನ ಅಳತೆ ಏರುಪೇರಾಗದಂತೆ ಓಡಿಸಬೇಕು. ಹೊಸಬರು ಒಂದು ಬದಿಯನ್ನೇ ದಿಟ್ಟಿಸುತ್ತಾರೆ. ಓರೆಯಾದದ್ದು ಅರಿವಾಗುವ ಹೊತ್ತಿಗೆ ಅದು ಬೆಳೆದುಬಿಟ್ಟಿರುತ್ತದೆ.

ಆಗ ಕೈ ಅಡ್ಡ ಬರುತ್ತದೆ. ಸೈಕಲ್ಲು, ಸ್ಕೂಟರು, ಕಾರು ಎಲ್ಲವನ್ನೂ ಕೈಯಲ್ಲೇ ತಿರುಗಿಸಿ ಬೆಳೆದವರು ನಾವು. ವಿಮಾನ ಎಡಕ್ಕೆ ಸರಿಯಿತೆಂದರೆ ಕೈ ತಾನಾಗಿ ಸ್ಟಿಕ್ಕನ್ನು ಬಲಕ್ಕೆ ಎಳೆಯುತ್ತದೆ. ನೆಲದ ಮೇಲೆ ಅದರಿಂದ ದಿಕ್ಕು ಬದಲಾಗದು ಎಂಬುದಷ್ಟೇ ಅಲ್ಲ, ಕೆಡುಕೂ ಆಗುತ್ತದೆ. ಸ್ಟಿಕ್ ಬಲಕ್ಕೆ ಹೋದರೆ ಎಡರೆಕ್ಕೆಯ ತುದಿಯ ಪಟ್ಟಿ ಕೆಳಗಿಳಿಯುತ್ತದೆ, ಆ ಕಡೆ ಗಾಳಿಯ ಎಳೆತ ಹೆಚ್ಚುತ್ತದೆ, ಮೂಗು ಇನ್ನಷ್ಟು ಎಡಕ್ಕೆ ಹೋಗುತ್ತದೆ. ಕಾಲಿಗೆ ಕೆಲಸ ನೆನಪಾಗುವುದು ಆಮೇಲೆ. ಗಾಬರಿಯಲ್ಲಿ ಬಲ ಪೆಡಲ್ ಬುಡಮಟ್ಟ ತುಳಿದಾಗ ವಿಮಾನ ಬಲಕ್ಕೆ ನುಗ್ಗುತ್ತದೆ. ಮತ್ತೆ ಎಡ, ಮತ್ತೆ ಬಲ, ಪ್ರತಿಸಲವೂ ಮೊದಲಿಗಿಂತ ದೊಡ್ಡ ಓಲಾಟ.

ಈ ಓಲಾಟದ ನಡುವೆ ವಿದ್ಯಾರ್ಥಿಯ ತಲೆಗೆ ಒಂದು ಉಪಾಯ ಹೊಳೆಯುತ್ತದೆ: ನೆಲದಲ್ಲಿದ್ದರೆ ತಾನೇ ಈ ಪಾಡು, ಎಳೆದು ಮೇಲಕ್ಕೆ ಹೋಗಿಬಿಡೋಣ. ಬಹಳಷ್ಟು ಪೆಟ್ಟು ಬೀಳುವುದು ಈ ಉಪಾಯದಿಂದ. ನೆಲದ ಹತ್ತಿರ ರೆಕ್ಕೆಗೆ ಸಾಲವಾಗಿ ಸಿಕ್ಕ ಒಂದು ಬಲ ಇರುತ್ತದೆ. ರೆಕ್ಕೆಗಳ ತುದಿಯಿಂದ ತುದಿಯ ಅಳತೆಯಷ್ಟು ಎತ್ತರದೊಳಗೆ ಗಾಳಿಯ ಎಳೆತ ತಗ್ಗಿ, ಹಾರಲು ಸಾಲದ ವೇಗದಲ್ಲೂ ವಿಮಾನ ತೇಲುತ್ತದೆ. ಸ್ಟಿಕ್ ಎಳೆದರೆ ನೆಲ ಬಿಡುತ್ತದೆ ನಿಜ. ನಾಲ್ಕಾರು ಮೀಟರ್ ಮೇಲೆ ಹೋಗುತ್ತಿದ್ದಂತೆ ಸಾಲ ತೀರುತ್ತದೆ. ಮೂಗು ಇನ್ನೂ ಎತ್ತಿದರೆ ರೆಕ್ಕೆಯ ಮೇಲೆ ಹರಿಯುವ ಗಾಳಿ ಕಿತ್ತುಹೋಗಿ ಸ್ಟಾಲ್ ಆಗುತ್ತದೆ, ಒಂದು ರೆಕ್ಕೆ ಮೊದಲು ಕುಸಿಯುತ್ತದೆ. ಸರಿಪಡಿಸಿಕೊಳ್ಳಲು ಕೆಳಗೆ ಎತ್ತರವೇ ಉಳಿದಿರುವುದಿಲ್ಲ.

ವಿದ್ಯಾರ್ಥಿನಿಯೊಬ್ಬಳ ಅಂಥದೊಂದು ಟೇಕಾಫ್ ಇತಿಹಾಸದಲ್ಲಿ ಉಳಿದಿದೆ. 1921, ಲಾಸ್ ಏಂಜಲೀಸ್. ಅಮೀಲಿಯಾ ಇಯರ್‌ಹಾರ್ಟ್ ಆ ವರ್ಷದ ಜನವರಿಯಲ್ಲಿ ಕಿನ್ನರ್ ಫೀಲ್ಡ್ ಎಂಬ ಬಯಲಿನಲ್ಲಿ ಪಾಠ ಶುರುಮಾಡಿದ್ದರು. ಕಲಿಸುತ್ತಿದ್ದವರೂ ಹೆಂಗಸೇ, ನೇಟಾ ಸ್ನೂಕ್. ಕಲಿಕೆ ಮುಗಿಯುವ ಮೊದಲೇ ಇಯರ್‌ಹಾರ್ಟ್ ಕಿನ್ನರ್ ಏರ್‌ಸ್ಟರ್ ಎಂಬ ಪುಟ್ಟ ವಿಮಾನ ಕೊಂಡುಬಿಟ್ಟರು. ಹಳದಿ ಬಣ್ಣ ಬಳಿದು ಕ್ಯಾನರಿ ಎಂದು ಹೆಸರಿಟ್ಟರು. ಮೂರು ಸಿಲಿಂಡರಿನ 60 ಅಶ್ವಶಕ್ತಿಯ ಎಂಜಿನ್. ಒಂದು ದಿನ ಗುರುವೂ ಜೊತೆಗಿದ್ದಾಗ ಟೇಕಾಫ್ ಮಾಡಿದರು. ವಿಮಾನ ನೆಲ ಬಿಟ್ಟಿತು, ಆದರೆ ಎತ್ತರಕ್ಕೆ ಹೋಗಲೊಲ್ಲದು. ಬಯಲಿನ ಕೊನೆಗೆ ನೀಲಗಿರಿ ಮರಗಳ ತೋಪು. ಮರ ಹತ್ತಿರ ಬಂದಾಗ ಇಯರ್‌ಹಾರ್ಟ್ ಮೂಗೆತ್ತಿದರು, ಸ್ಟಾಲ್ ಆಗಿ ವಿಮಾನ ಬಿತ್ತು. ಪ್ರೊಪೆಲರ್ ಹೋಯಿತು, ಚಕ್ರದ ಕಾಲು ಹೋಯಿತು, ಇಬ್ಬರಿಗೂ ಹೆಚ್ಚೇನೂ ಆಗಲಿಲ್ಲ. ತಾನು ಹಿಂತಿರುಗಿ ನೋಡಿದಾಗ ಶಿಷ್ಯೆ ಮೂಗಿಗೆ ಪೌಡರ್ ಹಚ್ಚಿಕೊಳ್ಳುತ್ತಿದ್ದಳು, ಪತ್ರಿಕೆಯವರು ಬಂದಾರೆಂದು, ಎಂಬ ಕಥೆಯನ್ನು ಸ್ನೂಕ್ ಮುಂದೆ ಹೇಳುತ್ತಿದ್ದರು. ಸ್ವಲ್ಪ ಉಪ್ಪುಖಾರ ಸೇರಿರಬಹುದು.

ಮರ ಕಂಡಾಗ ಮೂಗೆತ್ತಿದ್ದು ತಪ್ಪೇ? ತಪ್ಪು ಅನ್ನುವುದು ಸುಲಭ. ಹಾರುವ ಸ್ಥಿತಿಯಲ್ಲೇ ಇದ್ದು ಮರದ ತುದಿಗೆ ತಾಗುವುದು, ಸ್ಟಾಲ್ ಆಗಿ ಕಲ್ಲಿನಂತೆ ಬೀಳುವುದಕ್ಕಿಂತ ಮೇಲು ಎಂದು ಅನುಭವಿಗಳು ಹೇಳುತ್ತಾರೆ. ಆದರೆ ಮರ ಎದುರಿಗೆ ಬೆಳೆಯುತ್ತಿರುವಾಗ ಮೂಗು ಇಳಿಸುವ ಧೈರ್ಯ ಹತ್ತಿಪ್ಪತ್ತು ಗಂಟೆ ಹಾರಿದವರಿಗೆ ಎಲ್ಲಿಂದ ಬರಬೇಕು? ನನಗೆ ಅನ್ನಿಸುವುದು ಬೇರೆ. ತೀರ್ಮಾನದ ಹೊತ್ತು ಮರದ ಹತ್ತಿರ ಇರಲಿಲ್ಲ, ಅದಕ್ಕಿಂತ ಬಹಳ ಹಿಂದೆ ಇತ್ತು. ವಿಮಾನ ಎಂದಿನಂತೆ ವೇಗ ಹಿಡಿಯುತ್ತಿಲ್ಲ ಎಂದು ಅನ್ನಿಸಿದಾಗ ಮುಂದೆ ಬಯಲು ಇನ್ನೂ ಉಳಿದಿತ್ತೇ? ಉಳಿದಿದ್ದರೆ ಥ್ರಾಟಲ್ ಎಳೆಯುವ ಹೊತ್ತು ಅದೇ. ಅಂದು ಇಬ್ಬರ ಪೈಕಿ ಒಬ್ಬರು ಗುರು ಬೇರೆ.

ಎಂಜಿನ್ನಿನ ಬಲ ಸಾಲದೆ ಬರುವ ಈ ಫಜೀತಿ ನಮ್ಮ ಬೆಂಗಳೂರಿಗೆ ಹೊಸದಲ್ಲ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1949ರದು. ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ವಾಯುಪಡೆಯಲ್ಲಿ ಟೈಗರ್ ಮಾತ್‌ನ ಜಾಗಕ್ಕೆ ಬಂದದ್ದು ಅದೇ. 1958ರಲ್ಲಿ ಅದೇ ಕಾರ್ಖಾನೆಯ ಪುಷ್ಪಕ್ ಬಂತು, 90 ಅಶ್ವಶಕ್ತಿಯ ಎರಡು ಸೀಟಿನ ವಿಮಾನ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಕಟ್ಟಿದ್ದು. ಎರಡಕ್ಕೂ ಬಾಲದಲ್ಲೇ ಚಕ್ರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಸಾಮಾನ್ಯ ಎಂಜಿನ್ ತನ್ನ ಬಲದ ಹತ್ತನೇ ಒಂದು ಪಾಲನ್ನು ಸ್ಥೂಲವಾಗಿ ಕಳೆದುಕೊಳ್ಳುತ್ತದೆ. 90 ಎಂದು ಕಾಗದದಲ್ಲಿ ಬರೆದದ್ದು ಜಕ್ಕೂರಿನಲ್ಲಿ 80ರ ಆಸುಪಾಸು. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಗಾಳಿ ಇನ್ನೂ ತೆಳುವಾಗುತ್ತದೆ, ರೆಕ್ಕೆಯ ಬಲವೂ ಪ್ರೊಪೆಲರಿನ ಬಲವೂ ಜೊತೆಗೆ ಇಳಿಯುತ್ತವೆ, ಓಟ ಉದ್ದವಾಗುತ್ತದೆ. ಬೆಳಗಿನ ತಂಪಿನಲ್ಲಿ ಕಲಿತ ಅಂದಾಜು ಮಧ್ಯಾಹ್ನಕ್ಕೆ ಸುಳ್ಳಾಗುತ್ತದೆ.

ಇನ್ನೊಂದು ಅಂದಾಜು ಸುಳ್ಳಾಗುವುದು ಮೊದಲ ಸೋಲೋ ದಿನ. ಗುರು ಇಳಿದುಹೋದರೆ ಸಣ್ಣ ವಿಮಾನದಲ್ಲಿ ಅದು ಸಣ್ಣ ಬದಲಾವಣೆಯಲ್ಲ, ಎಪ್ಪತ್ತೆಂಬತ್ತು ಕೆ.ಜಿ. ಒಮ್ಮೆಗೇ ಕಡಿಮೆಯಾಗುತ್ತದೆ. ಬಾಲ ಬೇಗ ಏಳುತ್ತದೆ, ವಿಮಾನ ಬೇಗ ನೆಲ ಬಿಡುತ್ತದೆ, ಎಲ್ಲವೂ ರೂಢಿಗಿಂತ ಮುಂಚೆ ನಡೆಯುತ್ತದೆ. ತಿದ್ದುವ ಕಾಲೂ ಗುರುವಿನ ಜೊತೆಗೇ ಇಳಿದುಹೋಗಿರುತ್ತದೆ. ಎಷ್ಟೋ ವಿದ್ಯಾರ್ಥಿಗಳ ಟೇಕಾಫ್ ನೆಟ್ಟಗೆ ಹೋಗುತ್ತಿದ್ದುದು ಗುರು ಗುಟ್ಟಾಗಿ ಪೆಡಲ್ ಒತ್ತುತ್ತಿದ್ದುದರಿಂದ; ಇದು ಕಲಿಸುವವರಿಗೂ ಒಮ್ಮೊಮ್ಮೆ ಗೊತ್ತಿರುವುದಿಲ್ಲ.

ಹಾಗಾದರೆ ಇದು ಬರೀ ಹೊಸಬರ ಕಷ್ಟವೇ? ಅಲ್ಲ ಎನ್ನಲು ಅದೇ ಇಯರ್‌ಹಾರ್ಟ್ ಸಾಕ್ಷಿ. 1937ರ ಹೊತ್ತಿಗೆ ಅವರು ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟಿ ಐದು ವರ್ಷವಾಗಿತ್ತು. ಆ ವರ್ಷದ ಮಾರ್ಚ್ 20ರಂದು, ಭೂಮಿ ಸುತ್ತುವ ಯಾತ್ರೆಯ ನಡುವೆ, ಹವಾಯಿಯ ಪರ್ಲ್ ಹಾರ್ಬರ್‌ನಲ್ಲಿರುವ ಲೂಕ್ ಫೀಲ್ಡ್‌ನಿಂದ ಹೊರಟರು. ಲಾಕ್‌ಹೀಡ್ ಎಲೆಕ್ಟ್ರಾ, ಎರಡು ಎಂಜಿನ್, ಬಾಲದಲ್ಲಿ ಚಕ್ರ, ಹೊಟ್ಟೆತುಂಬ ಪೆಟ್ರೋಲು. ಓಟದಲ್ಲಿ ವಿಮಾನ ಬಲಕ್ಕೆ ಸರಿಯಿತು. ತಿದ್ದಲು ಇಯರ್‌ಹಾರ್ಟ್ ಎಡಗಡೆಯ ಎಂಜಿನ್ನಿನ ಬಲ ತಗ್ಗಿಸಿದರು. ವಿಮಾನ ಎಡಕ್ಕೆ ತಿರುಗಿ ಗಿರಕಿ ಹೊಡೆಯಿತು, ಬಲಗಡೆಯ ಚಕ್ರದ ಕಾಲು ಕುಸಿಯಿತು, ಹೊಟ್ಟೆ ಡಾಂಬರಿನ ಮೇಲೆ ಕಿಡಿ ಹಾರಿಸುತ್ತ ಜಾರಿತು. ಬೆಂಕಿ ಹತ್ತಲಿಲ್ಲ, ಒಳಗಿದ್ದ ಮೂವರೂ ಉಳಿದರು. ಟೈರ್ ಸಿಡಿದಿತ್ತೆಂದು ಕೆಲವರು, ಥ್ರಾಟಲ್ ಆಡಿಸಿದ್ದೇ ತಪ್ಪೆಂದು ಅವರ ತಾಂತ್ರಿಕ ಸಲಹೆಗಾರ ಪಾಲ್ ಮ್ಯಾಂಟ್ಜ್. ವಾದ ಇಂದಿಗೂ ತೀರಿಲ್ಲ. ನನಗೆ ಕಾಣುವುದು ಇಷ್ಟು: ಅವರ ಕೈ ಥ್ರಾಟಲ್ ಮೇಲೆಯೇ ಇತ್ತು, ಎಳೆದರು ಕೂಡ. ಎಳೆದದ್ದು ಒಂದನ್ನು ಮಾತ್ರ. ಎರಡನ್ನೂ ಎಳೆದಿದ್ದರೆ ಟೇಕಾಫ್ ಅಲ್ಲಿಗೆ ಮುಗಿಯುತ್ತಿತ್ತು. ಅವರು ಅದನ್ನು ಉಳಿಸಿಕೊಳ್ಳಲು ನೋಡಿದರು. ದುರಸ್ತಿಯಾದ ಮೇಲೆ ಯಾತ್ರೆ ಎದುರು ದಿಕ್ಕಿನಲ್ಲಿ ಮತ್ತೆ ಹೊರಟು, ಜೂನ್ ತಿಂಗಳಲ್ಲಿ ಕರಾಚಿ, ಕಲ್ಕತ್ತಗಳನ್ನು ಮುಟ್ಟಿತು. ಜುಲೈ 2ರಂದು ಅವರು ಕಾಣೆಯಾದ ಕಥೆ ಎಲ್ಲರಿಗೂ ಗೊತ್ತು, ಅದಕ್ಕೂ ಚಕ್ರಕ್ಕೂ ಸಂಬಂಧವಿಲ್ಲ.

ನಿಲ್ಲಿಸಿಬಿಡುವುದು ಯಾಕಿಷ್ಟು ಕಷ್ಟ? ವಿದ್ಯಾರ್ಥಿ ಮಾಡಿದ ಪ್ರತಿ ಟೇಕಾಫೂ ಅಲ್ಲಿಯವರೆಗೆ ಹಾರಾಟದಲ್ಲೇ ಕೊನೆಗೊಂಡಿರುತ್ತದೆ. ಥ್ರಾಟಲ್ ಮುಂದೆ ಹೋಗುವುದನ್ನು ಕೈ ನೂರಾರು ಸಲ ಅಭ್ಯಾಸ ಮಾಡಿದೆ, ಅರ್ಧ ದಾರಿಯಲ್ಲಿ ಹಿಂದಕ್ಕೆ ಬರುವುದನ್ನು ಒಮ್ಮೆಯೂ ಮಾಡಿಲ್ಲದಿರಬಹುದು. ಗುರು ನೋಡುತ್ತಿದ್ದಾರೆ, ಗೆಳೆಯರು ನೋಡುತ್ತಿದ್ದಾರೆ ಎಂಬ ಅಳುಕು ಬೇರೆ. ಇನ್ನೆರಡು ಸೆಕೆಂಡಿಗೆ ಸರಿಹೋಗುತ್ತದೆ ಎಂಬ ಆಸೆಯೂ ಪೂರ್ತಿ ಹುಸಿಯಲ್ಲ, ಎಷ್ಟೋ ಸಲ ಸರಿಹೋಗುತ್ತದೆ ಕೂಡ.

ನಿಲ್ಲಿಸುವುದೂ ಪುಕ್ಕಟೆಯಲ್ಲ ಎಂಬುದನ್ನು ಹೇಳಿಬಿಡಬೇಕು. ಥ್ರಾಟಲ್ ಎಳೆದ ತಕ್ಷಣ ರಡರ್ ಮೇಲೆ ಬೀಸುತ್ತಿದ್ದ ಪ್ರೊಪೆಲರಿನ ಗಾಳಿ ನಿಲ್ಲುತ್ತದೆ, ಎಡಕ್ಕೆ ಎಳೆಯುತ್ತಿದ್ದ ಬಲವೂ ಹೋಗುತ್ತದೆ. ಒತ್ತಿ ಹಿಡಿದಿದ್ದ ಬಲಗಾಲು ಹಾಗೇ ಉಳಿದರೆ ವಿಮಾನ ಈಗ ಬಲಕ್ಕೆ ಹೋಗುತ್ತದೆ. ಗಾಬರಿಯಲ್ಲಿ ಬ್ರೇಕ್ ತುಳಿದರೆ ಬಾಲ ಎದ್ದು ಮೂಗು ನೆಲಕ್ಕೆ ಕುಕ್ಕುತ್ತದೆ. ವಿಮಾನ ನಿಂತು ಎಂಜಿನ್ ಆರುವವರೆಗೂ ಕಾಲಿಗೆ ಬಿಡುವಿಲ್ಲ. ಆದರೆ ಗಂಟೆಗೆ 40 ಕಿ.ಮೀ.ನಲ್ಲಿ ಹುಲ್ಲಿಗೆ ಇಳಿದು ನಿಂತ ವಿಮಾನಕ್ಕೂ, 60ರಲ್ಲಿ ರೆಕ್ಕೆ ಕುಸಿದು ಬಿದ್ದ ವಿಮಾನಕ್ಕೂ ಇರುವ ಅಂತರವನ್ನು ಯಾವ ವಿದ್ಯಾರ್ಥಿಗೂ ಬಿಡಿಸಿ ಹೇಳಬೇಕಾಗಿಲ್ಲ.

1950ರ ದಶಕದಲ್ಲಿ ಅಮೆರಿಕದ ಕಂಪನಿಗಳು ಚಕ್ರವನ್ನು ಬಾಲದಿಂದ ಮೂಗಿಗೆ ತಂದವು. ಪೈಪರ್ ಪೇಸರ್ ಇದ್ದದ್ದು ಟ್ರೈ-ಪೇಸರ್ ಆಯಿತು, ಸೆಸ್ನಾ 170ರಿಂದ 172 ಹುಟ್ಟಿತು. ನಮ್ಮ ವಾಯುಪಡೆಯಲ್ಲೂ ಎಚ್‌ಟಿ-2 ಹೋಗಿ ಮೂಗಿನ ಚಕ್ರದ ಎಚ್‌ಪಿಟಿ-32 ಬಂತು. ಬಾಲಚಕ್ರದಲ್ಲಿ ಕಲಿತವರೇ ನಿಜವಾದ ಪೈಲಟ್‌ಗಳು ಎಂದು ಹಳಬರು ಮೀಸೆ ತಿರುವುವುದುಂಟು. ಆ ಮಾತನ್ನು ನಾನು ಒಪ್ಪುವುದಿಲ್ಲ. ಕಲಿಯುವವರ ತಪ್ಪನ್ನು ತಾಳಿಕೊಳ್ಳುವ ಯಂತ್ರವಿರುವಾಗ ತಾಳಿಕೊಳ್ಳದ್ದನ್ನು ಕೊಟ್ಟು ಪರೀಕ್ಷಿಸುವುದು ಶಿಕ್ಷಣವಲ್ಲ. ಅಮೆರಿಕದ ನಿಯಮ ಈ ವಿಷಯದಲ್ಲಿ ಸರಿಯಾಗಿದೆ: 1991ರ ಏಪ್ರಿಲ್ 15ಕ್ಕೆ ಮುಂಚೆ ಇಂಥ ವಿಮಾನ ನಡೆಸಿದ ದಾಖಲೆ ಇಲ್ಲದವರು ಗುರುವಿನಿಂದ ಪ್ರತ್ಯೇಕ ತರಬೇತಿ ಪಡೆದು, ತಮ್ಮ ಹಾರಾಟದ ದಾಖಲೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳದೆ ಅದರ ಮುಖ್ಯ ಪೈಲಟ್ ಆಗುವಂತಿಲ್ಲ. ಇಷ್ಟೇ ಗಂಟೆ ಎಂಬ ಲೆಕ್ಕ ಅದರಲ್ಲಿಲ್ಲ, ಗುರುವಿಗೆ ಒಪ್ಪಿಗೆಯಾಗಬೇಕು ಅಷ್ಟೆ.

ಮಗನನ್ನೋ ಮಗಳನ್ನೋ ಪೈಲಟ್ ಶಾಲೆಗೆ ಸೇರಿಸುವ ಮನೆಯವರು ಫೀಸು ಎಷ್ಟು, ಎಷ್ಟು ಗಂಟೆ ಹಾರಿಸುತ್ತೀರಿ, ಕೆಲಸ ಸಿಗುತ್ತದೆಯೇ ಎಂದು ಕೇಳುತ್ತಾರೆ. ಇನ್ನೊಂದನ್ನೂ ಕೇಳಿ. ಮೊದಲ ಸೋಲೋಗೆ ಬಿಡುವ ಮುನ್ನ, ಟೇಕಾಫ್ ಓಟದ ನಡುವೆ ಥ್ರಾಟಲ್ ಎಳೆದು ನಿಲ್ಲಿಸುವುದನ್ನು ಎಷ್ಟು ಸಲ ಮಾಡಿಸುತ್ತೀರಿ? ಚಕ್ರ ಮೂಗಿನಲ್ಲಿರಲಿ, ಬಾಲದಲ್ಲಿರಲಿ, ಆ ಅಭ್ಯಾಸಕ್ಕೆ ತಗಲುವುದು ಒಂದಿಷ್ಟು ಪೆಟ್ರೋಲು ಮತ್ತು ಖಾಲಿ ರನ್‌ವೇ ಸಿಗುವ ಒಂದು ಬೆಳಗ್ಗೆ.